ಬೆನ್ನಿಗೆ ಕಟ್ಟಿದ ಅರವತ್ತು ರೊಟ್ಟಿ

ಆಗ ನನಗೆ ಇಪ್ಪತ್ಮೂರು ವರ್ಷ. ಅದಾಗಿ ಐವತ್ತು ವರ್ಷ ಆಗುತ್ತ ಬಂತು. ಇಷ್ಟು ಹಳೆಯ ಮಾತು ಈಗ್ಯಾಕೆ ಎಂದರೆ, ನನ್ನ ದಡ್ಡತನಗಳಲ್ಲಿ ಊರಿಗೆ ಪೂರಾ ಗೊತ್ತಿಲ್ಲದ್ದು ಇದೊಂದೇ ಉಳಿದಿದೆ.

ತಿಕೋಟಾದಲ್ಲಿ ನಮ್ಮ ಮನೆಗೂ ನನ್ನ ಗೆಳತಿಯ ತವರುಮನೆಗೂ ನಡುವೆ ಒಂದೇ ಗೋಡೆ. ಅವಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಗಂಡ ಗೌಂಡಿ, ಗೋಡೆ ಕಟ್ಟುವವನು. ಮದುವೆಯಾದ ವರ್ಷಕ್ಕೇ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದ, ಇವಳು ತವರಿಗೆ ಬಂದಳು. ನಾನಂತೂ ಗಂಡನನ್ನು ಬಿಟ್ಟು ಬಂದು ಕೂತವಳು. ಇಬ್ಬರೂ ಕೂಡಿ ನೀರು ತರುವುದು, ಕೂಡಿ ಕೂಲಿಗೆ ಹೋಗುವುದು, ದಿನಕ್ಕೆರಡು ಸಲ ಜಗಳವಾಡುವುದು. ನನ್ನ ಬಾಯಿಗೆ ಎದುರು ನಿಲ್ಲುವವಳು ಊರಲ್ಲಿ ಅವಳೊಬ್ಬಳೇ.

ಒಂದು ದಿನ ಅವಳ ಗಂಡನ ಕಾಗದ ಬಂತು. ಎರಡನೇ ಇಯತ್ತೆ ಕಲಿತ ನಾನೇ ನಮ್ಮ ಓಣಿಯ ಪಂಡಿತೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ನಡುಗಡ್ಡೆಯಲ್ಲಿ ಕೆಲಸ ಸಿಕ್ಕಿದೆ, ಇರಲು ಖೋಲಿ ಕೊಟ್ಟಿದ್ದಾರೆ, ಬಂದು ನೋಡು, ಮನಸ್ಸು ಬಂದರೆ ಇರು, ಬರದಿದ್ದರೆ ನಾನೇ ಊರಿಗೆ ಬರುತ್ತೇನೆ ಎಂದು ಬರೆಸಿದ್ದ. ಜಾಗದ ಹೆಸರಿಲ್ಲ, ಗುರುತು ಮಾತ್ರ: ದೋಣಿ ಇಳಿದ ಕೂಡಲೇ ಚರ್ಚು, ಸುತ್ತ ತೆಂಗಿನ ಗಿಡ.

"ನನ್ನ ಜೋಡಿ ಬಾ. ನಿನಗ ಓದಾಕ ಬರ್ತದ," ಎಂದಳು.

ಹೋಗಲು ಒಪ್ಪಿದೆ. ಒಳಗಿದ್ದ ಉದ್ದೇಶ ಬೇರೆ. ಆ ಜಾಗ ಅವಳಿಗೆ ಹಿಡಿಸಬಾರದು, ಗಂಡನನ್ನೂ ಕರೆದುಕೊಂಡು ತಿರುಗಿ ಬರಬೇಕು. ಅದಕ್ಕಾಗಿ ಅರವತ್ತು ಜೋಳದ ರೊಟ್ಟಿ ಬಡಿದು, ಒಣಗಿಸಿ ಖಡಕ್ ಮಾಡಿದೆ. ನಮ್ಮಲ್ಲಿ ಅಂಥ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಅಲ್ಲಿನ ಅನ್ನ, ಮೀನು ತಿಂದು ಬೇಸತ್ತ ಹೊತ್ತಿಗೆ ಅವಳ ಮುಂದೆ ಒಂದು ರೊಟ್ಟಿ ಕಟಕ್ಕನೆ ಮುರಿದರೆ ಸಾಕು, ಆ ಸಪ್ಪಳಕ್ಕೇ ಊರು ನೆನಪಾಗಿ ಎದ್ದು ಬರುತ್ತಾಳೆ. ಇದು ನನ್ನ ಬುದ್ಧಿ.

"ಡಬ್ಬಿಯೊಳಗ ಹಾಕಬೇ, ಅಲ್ಲಿ ಸುತ್ತೂ ನೀರ ಐತಂತ," ಎಂದಳು.

"ರೊಟ್ಟಿಗೆ ಏನ್ ಆಗ್ತದಲೇ? ಎಲ್ಲಾರೂ ಅರಿವ್ಯಾಗ ಕಟ್ಟೇ ಒಯ್ತಾರ." ಹಳೆಯ ಧೋತರದಲ್ಲಿ ಗಂಟು ಕಟ್ಟಿದೆ.

ವಿಜಾಪುರದಿಂದ ಬೆಳಗಾವಿ, ಅಲ್ಲಿಂದ ಘಟ್ಟ ಇಳಿದು ಗೋವಾ. ಘಟ್ಟದಲ್ಲಿ ಕಿಟಕಿಯಿಂದ ತಲೆ ಒಳಗೆ ತೆಗೆಯದೆ ವಾಂತಿ ಮಾಡಿಕೊಂಡವಳು ನಾನು. ಅವಳು ಪಕ್ಕದಲ್ಲಿ ಕೂತು ಗಿಡ ನೋಡುತ್ತಿದ್ದಳು.

ಬಸ್ಸು ಇಳಿದಲ್ಲಿಗೆ ನನ್ನ ಓದು ಮುಗಿಯಿತು. ಒಂದು ಬೋರ್ಡಿನ ಮೇಲೂ ಕನ್ನಡವಿಲ್ಲ. ನಡುಗಡ್ಡೆಯೂ ಒಂದಲ್ಲ. ಯಾವುದಕ್ಕೆ ಹೋದರೂ ದೋಣಿ ಇಳಿದ ಕೂಡಲೇ ಚರ್ಚು, ಸುತ್ತ ತೆಂಗಿನ ಗಿಡ.

ಮೊದಲ ದೋಣಿಯಲ್ಲಿ ಗಂಟು ತಲೆಯ ಮೇಲಿತ್ತು. ದೋಣಿ ಅಲುಗಿದ ಕೂಡಲೇ ಪಕ್ಕದಲ್ಲಿದ್ದ ಮೀನು ಮಾರುವವಳ ಸೊಂಟ ತಬ್ಬಿಕೊಂಡು ಸತ್ತೆನೆಂದು ಒದರಿದೆ. ದಂಡೆ ಇನ್ನೂ ಬಿಟ್ಟಿರಲಿಲ್ಲ. ಆಮೇಲೆ ಗೆಳತಿಯೇ ಗಂಟನ್ನು ನನ್ನ ಬೆನ್ನಿಗೆ ಬಿಗಿದು ಕಟ್ಟಿದಳು. "ಬೆನ್ನ ಮ್ಯಾಲ ಡುಬ್ಬ ಬಂತು, ಈಗ ಖರೇ ಒಂಟೆ ಆದಿ ನೋಡು," ಎಂದಳು.

ಅಲ್ಲಿಯವರಿಗೆ ನಮ್ಮ ಮಾತು ತಿಳಿಯದು. ಗೌಂಡಿ ಎಲ್ಲಿ ಎಂದು ಕೇಳಲು ನಾನು ಗೋಡೆಗೆ ಗಿಲಾವು ಮಾಡುವ ಹಾಗೆ ಕೈ ಆಡಿಸಿ ತೋರಿಸಿದೆ. ಒಬ್ಬ ಮುದುಕಿ ತಲೆಯಾಡಿಸಿ ಒಳಗೆ ಹೋಗಿ ಎರಡು ತಾಟು ಅನ್ನ, ಮೀನಿನ ಸಾರು ತಂದಿಟ್ಟಳು. ಹಸಿದವರು ಹೊಟ್ಟೆ ಸವರಿ ತೋರಿಸುತ್ತಿದ್ದಾರೆ ಎಂದು ತಿಳಿದಿದ್ದಳು. ಗೆಳತಿ ಎರಡೂ ತಾಟು ಮುಗಿಸಿದಳು. ನಾನು ಹಟಕ್ಕೆ ರೊಟ್ಟಿಯನ್ನೇ ತಿಂದೆ.

ಎರಡನೆಯ ನಡುಗಡ್ಡೆಯಲ್ಲಿ ರೊಟ್ಟಿ ಮುರಿಯಲು ಹೋದೆ. ಮುರಿಯಲಿಲ್ಲ, ಮಡಚಿತು. ಅರಿವೆಯ ಹಾಗೆ ನಾಲ್ಕು ಮಡಿಕೆ ಆಯಿತು. ಅವಳಿಗೆ ಕಾಣದಂತೆ ಬೆನ್ನು ತಿರುಗಿಸಿ ಕೂತೆ.

"ಯಾಕಲೇ, ಸಪ್ಪಳಾನ ಇಲ್ಲ?"

"ಹಲ್ಲ ನೋಯಾಕತ್ತಾವ. ನೆನಸಿ ತಿನ್ನಾಕತ್ತೇನಿ."

"ಸುಳ್ಳಿ," ಎಂದಳು. ಅಷ್ಟೇ. ತಿರುಗಿ ನೋಡಲಿಲ್ಲ.

ನಾಲ್ಕು ದಿನ ಅಲೆದ ಮೇಲೆ ಮೂರನೆಯದರಲ್ಲಿ ಅವಳ ಗಂಡ ಸಿಕ್ಕ. ಒಂದು ಮನೆಯ ಗೋಡೆಗೆ ಕಟ್ಟಿದ ಬೊಂಬಿನ ಮೇಲೆ ನಿಂತಿದ್ದ. ಇಳಿದು ಬಂದು ಖೋಲಿ ತೋರಿಸಿದ. ಖೋಲಿ ಸಣ್ಣದು, ಹೆಂಚು ಒಡೆದಿದ್ದವು. ನನಗೆ ಖುಷಿಯಾಯಿತು. ಆದರೆ ಬಾಗಿಲ ಮುಂದೆಯೇ ಬಾವಿ. ಗೆಳತಿ ಕೊಡ ಬಿಟ್ಟಳು. ನಾಲ್ಕು ಮೊಳ ಹಗ್ಗಕ್ಕೇ ತುಂಬಿಕೊಂಡು ಬಂತು. ಮತ್ತೆ ಬಿಟ್ಟಳು, ಮತ್ತೆ ತುಂಬಿತು. ಊರಲ್ಲಿ ಎರಡು ಕೊಡ ನೀರಿಗೆ ನಾವು ಅರ್ಧ ಹರದಾರಿ ನಡೆಯುತ್ತಿದ್ದೆವು. ಅವಳು ಸುಮ್ಮನೆ ಕಾಲ ಮೇಲೆ ನೀರು ಸುರುವಿಕೊಳ್ಳುತ್ತ ನಿಂತಳು.

ಇನ್ನು ಕಾದರೆ ಕೆಟ್ಟೆ ಎಂದು ಇಬ್ಬರ ಮುಂದೆಯೂ ಗಂಟು ಬಿಚ್ಚಿದೆ. ಮೇಲಿನ ನಾಲ್ಕು ಮೆತ್ತಗಿವೆ, ಒಳಗಿನವು ಖಡಕ್ ಇದ್ದಾವು ಎಂದು ನಂಬಿದ್ದೆ. ಒಳಗಿನವಕ್ಕೆ ಹಸಿರು ಬೂಸಲು ಬಂದಿತ್ತು. ವಾಸನೆಗೆ ಅವಳ ಗಂಡ ಒಂದು ಹೆಜ್ಜೆ ಹಿಂದೆ ಸರಿದ.

ಆದರೂ ನನ್ನ ಬಾಯಿ ಮುಚ್ಚಲಿಲ್ಲ. "ನೋಡು, ರೊಟ್ಟಿನ ಬಾಳಂಗಿಲ್ಲ ಈ ನೆಲದಾಗ. ನೀ ಹೆಂಗ ಬಾಳತಿ?"

"ನಾ ಏನ್ ರೊಟ್ಟಿ ಏನಲೇ?" ಎಂದಳು.

ಗಂಡ ನಕ್ಕ ನಗುವಿಗೆ ಕೈಯಲ್ಲಿದ್ದ ಗಾರೆ ಮೆತ್ತುವ ಕರಣಿ ಬಿತ್ತು. ಅವಳು ನಗಲಿಲ್ಲ. ನನ್ನ ಹತ್ತಿರ ಬಂದು ಕುಕ್ಕರಿಸಿದಳು. "ನಾ ಇಲ್ಲೇ ಇರ್ತೇನಿ. ನೀ ಯಾಕ ಬಂದಿ ಅನ್ನೂದು ನನಗ ತಿಕೋಟಾದಾಗನ ಗೊತ್ತಿತ್ತು."

"ಗೊತ್ತಿದ್ರ ಯಾಕ ಕರಕೊಂಡ ಬಂದಿ?"

"ಬೈಯ್ಯಾಕ ಯಾರರ ಬೇಕಲ್ಲ ದಾರ್ಯಾಗ."

ಬೂಸಲು ಬಂದ ರೊಟ್ಟಿಗಳನ್ನು ತೆಂಗಿನ ಬುಡಕ್ಕೆ ಹುಗಿದೆವು. ಅವತ್ತು ಅನ್ನ, ಮೀನು ತಿಂದೆ. ಚಲೋ ಇತ್ತು. ಅವಳಿಗೆ ಹೇಳಲಿಲ್ಲ.

ದೋಣಿ ಹತ್ತುವಾಗ ದಂಡೆಯ ಮೇಲಿಂದ ಕೂಗಿದಳು: "ನಮ್ಮ ಕಡೆಯವರು ಕೆಲಸಕ್ಕ ಬರ್ತಿರ್ತಾರ, ಅವರ ಕೈಯಾಗ ರೊಟ್ಟಿ ಕಳಸು! ಡಬ್ಬಿಯೊಳಗ!"

ಬರುವಾಗ ಬೆನ್ನ ಮೇಲೆ ಖಾಲಿ ಧೋತರವಿತ್ತು. ದೋಣಿ ಅಲುಗಿದರೂ ಯಾರನ್ನೂ ಹಿಡಿಯಲಿಲ್ಲ, ಹಿಡಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ತಿಕೋಟಾ ಮುಟ್ಟಿದ ಮರುದಿನ ಬೆಳಿಗ್ಗೆ, ನೀರಿಗೂ ಹೋಗದೆ, ನೇರ ಕಿರಾಣಿ ಅಂಗಡಿಗೆ ಹೋಗಿ, ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಡಬ್ಬಿ ಕೊಡು ಎಂದೆ.

"ಏನ್ ಹಾಕಾಕಬೇ?" ಎಂದ ಅಂಗಡಿಯವನು.

"ರೊಟ್ಟಿ."

"ರೊಟ್ಟಿಗೆ ಡಬ್ಬಿ ಯಾಕ? ರೊಟ್ಟಿಗೆ ಏನ್ ಆಗ್ತದ?"

"ನಿನಗೇನ್ ಗೊತ್ತೋ," ಎಂದು ಬೈದು, ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಮನೆಗೆ ಬಂದು ಹಿಟ್ಟು ನಾದಿದೆ.