ವೀರಪ್ಪನಿಗೆ ಸೀಗೆಪುಡಿ

ಬೆಳಕು ಹರಿಯುವ ಮೊದಲೇ ಈಶ್ವರಮ್ಮ ಸೀಗೆಪುಡಿ ಕಲೆಸಿಕೊಂಡು ಕೂತಿದ್ದಾರೆ. ತಲೆಗಲ್ಲ, ಕಲ್ಲಿಗೆ! ಶಿವಮೊಗ್ಗದ ಈ ಪುಟ್ಟ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಆಳೆತ್ತರದ ವೀರಗಲ್ಲೊಂದು ನಿಂತಿದೆ. ಅದರ ಅಕ್ಷರಗಳನ್ನು ತೆಂಗಿನ ನಾರಿನಿಂದ ತಿಕ್ಕುತ್ತಾರೆ, ನೀರು ಸುರಿಯುತ್ತಾರೆ, ಬೆರಳಿಟ್ಟು ನೋಡುತ್ತಾರೆ. "ಇನ್ನೂ ಜಿಡ್ಡು" ಎಂದು ಮತ್ತೆ ಕೂರುತ್ತಾರೆ. ಐವತ್ತು ದಾಟಿದ ಹೆಂಗಸು. ಎಣ್ಣೆ ಕಾಣದ ಕೂದಲು ಮುಖಕ್ಕೆ ಹಾರುತ್ತಿದ್ದರೂ ಸರಿಸಿಕೊಳ್ಳಲು ಪುರುಸೊತ್ತಿಲ್ಲ.

ಇಲ್ಲಿ ಕಸ ಗುಡಿಸುವುದು, ನೀರು ತುಂಬಿಡುವುದು ಅವರ ಕೆಲಸ. ಆದರೆ ಕಲ್ಲಿನ ನಂಟು ಕೆಲಸಕ್ಕಿಂತ ಹಳೆಯದು. ಇಪ್ಪತ್ತು ವರ್ಷದ ಹಿಂದೆ ಶರಾವತಿಗೆ ಅಣೆಕಟ್ಟು ಕಟ್ಟಿ ಊರು ಮುಳುಗಿದಾಗ ಜನ ದಿಕ್ಕಿಗೊಬ್ಬರಾದರು. ಊರಬಾಗಿಲಲ್ಲಿದ್ದ ಕಲ್ಲು ಲಾರಿ ಹತ್ತಿ ಇಲ್ಲಿಗೆ ಬಂತು, ಅದರ ಹಿಂದೆಯೇ ಗಂಡನಿಲ್ಲದ ಈಶ್ವರಮ್ಮನೂ ಬಂದರು.

"ನಮ್ಮೂರ ದನ ಬಿಡಿಸ್ಕೊಂಡ್ ಬರೋಕೆ ಹೋಗಿ ಸತ್ತೋನು ಸ್ವಾಮಿ ಇವನು. ವೀರಪ್ಪ ಅಂತಿದ್ವಿ. ದೀಪಾವಳೀಲಿ ಮೊದ್ಲು ಇವನಿಗೆ ಎಣ್ಣೆ, ಆಮೇಲೇ ನಮ್ ತಲೆಗೆ."

ಆ ವೀರಪ್ಪನಿಗೆ ಇಲ್ಲಿ ಹೊಸ ನೆಂಟರು ಸಿಕ್ಕಿದ್ದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಶಾಲೆಯೊಂದು ಸಂಗ್ರಹಾಲಯದ ಜೊತೆ ಏರ್ಪಾಡು ಮಾಡಿಕೊಂಡಿತ್ತು: ಶನಿವಾರದ ಚರಿತ್ರೆ ಪಾಠ ಇಲ್ಲೇ. ವೆಂಕಟಾಚಲ ಮೇಷ್ಟ್ರು ಮಕ್ಕಳನ್ನು ರೈಲಿನಲ್ಲಿ ಕರೆತರುವರು. ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ತಟ್ಟಿ, ಮಸಿ ಒತ್ತಿ ಅಕ್ಷರದ ಅಚ್ಚು ತೆಗೆಸುವರು. ಮನೆಯಲ್ಲಿ ತಮಿಳೋ ತೆಲುಗೋ ಆಡುವ ಮಕ್ಕಳು ಈಶ್ವರಮ್ಮನ ಊರಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು.

"ಅದನ್ನ ಕೇಳೋಕೇ ಇಲ್ಲಿ ಗುಡಿಸಿದ್ದನ್ನೇ ಗುಡಿಸ್ತಿದ್ದೆ" ಎಂದು ಅವರು ನಗುತ್ತಾರೆ. ಇಡೀ ಬೆಳಗ್ಗೆ ನಕ್ಕಿದ್ದು ಅದೊಂದೇ ಸಲ.

ಕಳೆದ ದೀಪಾವಳಿ ಎಲ್ಲ ಕೆಡಿಸಿತು. ಊರವರು ಯಾರೂ ಇಲ್ಲ, ಹಬ್ಬದ ದಿನ ವೀರಪ್ಪ ಒಣಗಿ ನಿಲ್ಲಬಾರದು ಎಂದು, ಅಷ್ಟು ವರ್ಷ ಪಾದಕ್ಕೊಂದು ಹನಿ ಮುಟ್ಟಿಸುತ್ತಿದ್ದ ಈಶ್ವರಮ್ಮ ಆ ಸಲ ಅಡಿಯಿಂದ ಮುಡಿಯವರೆಗೆ ಹರಳೆಣ್ಣೆ ಬಳಿದರು. ಅಯ್ಯೋ, ಅದು ಸುಮ್ಮನೆ ಬಿಡುವ ಜಿಡ್ಡೇ! ಶನಿವಾರ ಬಂದ ಮಕ್ಕಳ ಕಾಗದ ಕಲ್ಲಿಗೆ ಅಂಟಲಿಲ್ಲ, ಜಾರಿ ಜಾರಿ ಬಿತ್ತು. ಸಂಗ್ರಹಾಲಯದ ಸಾಹೇಬರು ಕೆಂಡವಾದರು. ಕಾಗದದಲ್ಲಿ ಅಕ್ಷರ ಏಳುವವರೆಗೆ ಪಾಠ ಬಂದ್ ಎಂದರು.

"ಮಾಡಿದ್ದುಣ್ಣೇ ಮಾರಾಯ್ತಿ ಅಂತ ನನ್ನನ್ನೇ ಬೈಕೋತೀನಿ. ಊರನ್ನ ನೀರು ನುಂಗ್ತು, ಹೆಸ್ರನ್ನ ನಾನೇ ನುಂಗಿದೆ."

ಅಂದಿನಿಂದ ಬೆಳಗಾದರೆ ಸೀಗೆಪುಡಿ, ನಾರು, ಎಂಟು ಕೊಡ ನೀರು. ಮೊನ್ನೆ ಮೇಷ್ಟ್ರು ಒಬ್ಬರೇ ಬಂದು ಕಾಗದ ಹೊದಿಸಿ ನೋಡಿದರು. ವೀರನ ಕತ್ತಿ ಮೂಡಿತು, ದನಗಳೂ ಮೂಡಿದವು. ಊರಿನ ಹೆಸರಿದ್ದ ಸಾಲು ಮಾತ್ರ ಮೂಡಲಿಲ್ಲ. "ಬೇಸಿಗೆ ರಜೆ ಮುಗಿಯೋದ್ರೊಳಗೆ ಆಗ್ಲಿಲ್ಲ ಅಂದ್ರೆ ಶಾಲೆಯವರು ಏರ್ಪಾಡೇ ನಿಲ್ಲಿಸ್ತಾರಮ್ಮ" ಎಂದು ಮೇಷ್ಟ್ರು ತಲೆ ತಗ್ಗಿಸಿದರು. ರಜೆ ಮುಗಿಯಲು ಇನ್ನು ವಾರವೂ ಇಲ್ಲ.

ಈ ಸಲದ ದೀಪಾವಳಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ನಾರು ಹಿಂಡಿ ಪಕ್ಕಕ್ಕಿಡುತ್ತಾರೆ. ಕಣ್ಣು ತುಂಬಿದೆ.

"ಮಕ್ಳು ಬಂದು ನಮ್ಮೂರ ಹೆಸ್ರು ಒಂದ್ಸಲ ಓದ್ಲಿ, ಸಾಕು. ವೀರಪ್ಪಂಗೆ ಇನ್ನು ಎಣ್ಣೆ ಇಲ್ಲ ಸ್ವಾಮಿ." ಒಣಗಿದ ತಲೆಯನ್ನು ಒದ್ದೆ ಕೈಯಿಂದ ಸವರಿಕೊಳ್ಳುತ್ತಾರೆ. "ಅವನಿಗಿಲ್ಲ ಅಂದ್ಮೇಲೆ ನನಗ್ಯಾಕೆ? ಅವತ್ತಿಂದ ನಾನೂ ಹಚ್ಕೊಂಡಿಲ್ಲ."