ಎಲ್ಲಿ ಭಯ ಆಯ್ತು ಅಂತ ಕೇಳಿದ್ದಿರಿ, ಭಾವ

ಭಾವ, ನಾನು ನಿಮಗೆ ಸುಳ್ಳು ಹೇಳಿದ್ದೆ. ನನ್ನ ಆ ದೊಡ್ಡ ಬೈಕನ್ನು ಕಂಡರೆ ನನಗೆ ಭಯ. ಕೊಂಡ ಮೊದಲ ವಾರದಿಂದಲೂ ಭಯ, ಇವತ್ತಿಗೂ ಭಯ. ನೀವು ಅಂಥದೇ ಒಂದನ್ನು ಕೊಳ್ಳುವ ಮೊದಲು ನಮ್ಮ ಮನೆಗೆ ಬಂದು, ನನ್ನ ಮುಖವನ್ನೇ ನೋಡುತ್ತಾ ಕೇಳಿದಾಗ, "ಎಲ್ಲೂ ಇಲ್ಲ ಭಾವ" ಎಂದುಬಿಟ್ಟೆ. ಅಕ್ಕನ ಕಾಲು ಮುರಿದದ್ದು ಆ ಮಾತಿನಿಂದ. ನಿಮ್ಮ ಕೈಯಿಂದ ಅಲ್ಲ.

ಇದನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಿಮಗೆ ಮಾಡಿದೆ. ನೀವು "ಹೇಳೋ ಮಹೇಶ" ಅಂದ ಕೂಡಲೇ ಬೇರೇನೋ ಮಾತು ತೆಗೆದೆ. ಒಂದು ಸಲವಂತೂ, ಆ ಕಡೆ ಶುಂಠಿ ಕೀಳೋದು ಶುರುವಾಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ನಿಮಗೂ ಶುಂಠಿಯಿಲ್ಲ, ನನಗೂ ಇಲ್ಲ. ನೀವು ಏನಂದುಕೊಂಡಿರೋ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಆ ಪ್ರಶ್ನೆ ನನಗೆ ಹೊಸದಲ್ಲ. ಮೂವತ್ತು ವರ್ಷ ಕುಶಾಲನಗರದಿಂದ ಲಾರಿ ಓಡಿಸಿ, ಆಮೇಲೆ ನಾಲ್ಕು ಲಾರಿಗಳ ಮಾಲೀಕರಾದವರು ನೀವು. ಯಾವ ಗಾಡಿ ಕೊಳ್ಳುವುದಿದ್ದರೂ ಶೋರೂಮಿಗೆ ಹೋಗುವ ಮೊದಲು ಅದನ್ನು ಓಡಿಸುವವನೊಬ್ಬನನ್ನು ಹುಡುಕಿ, ಟೀ ಕುಡಿಸಿ, ಒಂದೇ ಒಂದು ಮಾತು ಕೇಳುತ್ತಿದ್ದಿರಿ. ಮೈಲೇಜು ಎಷ್ಟು ಅಂತಲ್ಲ, ಎಷ್ಟು ಟನ್ ಎಳೀತದೆ ಅಂತಲ್ಲ. ಎಲ್ಲಿ ಭಯ ಆಯ್ತು ಅಂತ. "ಹೆದರಿಸದೇ ಇರೋ ಗಾಡಿ ಇಲ್ಲ ಕಣೋ. ಎಲ್ಲಿ ಹೆದರಿಸ್ತದೆ ಅಂತ ಗೊತ್ತಿದ್ರೆ ಅಲ್ಲಿ ಹುಷಾರಾಗಿರಬಹುದು. ಗೊತ್ತಿಲ್ದಿದ್ರೆ ಅಲ್ಲೇ ಮನುಷ್ಯ ಹೋಗೋದು" — ಇದನ್ನು ನಿಮ್ಮ ಬಾಯಲ್ಲಿ ನಾನು ಹತ್ತು ಸಲ ಕೇಳಿದ್ದೇನೆ. ಕೇಳಿಯೂ —

ಇರಲಿ, ಮೊದಲಿನಿಂದ ಹೇಳುತ್ತೇನೆ.

ಐವತ್ತು ದಾಟಿದ ಮೇಲೆ ನನಗೆ ಆ ಹುಚ್ಚು ಹಿಡಿಯಿತು. ನಮ್ಮ ಮಾದಾಪುರದ ಸುತ್ತ ಯಾರ ಹತ್ತಿರವೂ ಇಲ್ಲದ ಬೈಕು. ಹಿಂದೆ ಕೂರುವವರಿಗೆ ಸೋಫಾದಂಥ ಸೀಟು, ಬೆನ್ನಿಗೆ ದಿಂಬು, ಎರಡೂ ಕಡೆ ಪೆಟ್ಟಿಗೆ, ಹಾಡು, ಚಳಿಯಲ್ಲಿ ಬೆಚ್ಚಗಾಗುವ ಹಿಡಿ, ಹಿಂದಕ್ಕೆ ಹೋಗಲು ಒಂದು ಗುಂಡಿ. ತೂಕ ಹತ್ತಿರ ಹತ್ತಿರ ನಾನೂರು ಕಿಲೋ. ಬಂದ ದಿನ ಅರ್ಧ ಊರೇ ನೋಡಲು ಬಂದಿತ್ತು. ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದೆ, ಮದುವೆ ಗಂಡಿನ ಹಾಗೆ. ಅವತ್ತು ಇದ್ದ ಜಂಭ ಅಷ್ಟಿಷ್ಟಲ್ಲ.

ಓಡುತ್ತಿರುವಾಗ ಅದಕ್ಕೆ ತೂಕವೇ ಇಲ್ಲ ಭಾವ, ಅದು ನಿಜ. ಮೈಸೂರು ರಸ್ತೆಯಲ್ಲಿ ಕೈಯಲ್ಲಿ ಹಿಡಿದಿದ್ದೇನೆ ಅಂತಲೇ ಅನ್ನಿಸುವುದಿಲ್ಲ. ಭಯವಿರುವುದು ನಿಲ್ಲಿಸುವಾಗ. ಅದೂ ಏರಿನಲ್ಲಿ, ಹ್ಯಾಂಡಲ್ ಸ್ವಲ್ಪ ತಿರುಗಿರುವಾಗ. ಮುಂದಿನ ಬ್ರೇಕು ಹಿಡಿದಿರೋ, ಅಷ್ಟೂ ತೂಕ ಒಂದೇ ಕಾಲಿನ ಮೇಲೆ ಬರುತ್ತದೆ. ಆ ಕಾಲಿನ ಕೆಳಗೆ ಜಲ್ಲಿಯಿದ್ದರೆ, ಪಾಚಿಯಿದ್ದರೆ, ಮುಗಿಯಿತು. ನಮ್ಮ ಜಿಲ್ಲೆಯಲ್ಲಿ ಜಲ್ಲಿ, ಪಾಚಿ, ಏರು, ತಿರುವು ಇವು ನಾಲ್ಕೂ ಇಲ್ಲದ ಜಾಗ ಎಲ್ಲಿದೆ ಹೇಳಿ? ಕೆಲವೇ ಇವೆ. ನನಗೆ ಅವೆಲ್ಲ ಬಾಯಿಪಾಠ. ಮನೆಯಿಂದ ಹೊರಟರೆ ಯಾವ ಅಂಗಡಿ ಮುಂದೆ ಸಮತಟ್ಟಿದೆ, ಯಾವ ಸೇತುವೆ ದಾಟಿದ ಮೇಲೆ ಕಾಲು ಇಡಬಹುದು ಎಂದು ಲೆಕ್ಕ ಹಾಕಿಕೊಂಡೇ ಹೋಗುತ್ತಿದ್ದೆ. ನಾನು ನಿಮಗೆಲ್ಲ ಕಳಿಸಿದ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಒಂದರಲ್ಲೂ ಇಳಿಜಾರಿಲ್ಲ.

ಓಡಿಸಿದ್ದಕ್ಕಿಂತ ತೊಳೆದದ್ದೇ ಹೆಚ್ಚು. ಮೋಡ ಕಂಡರೆ ಖುಷಿಯಾಗುತ್ತಿತ್ತು, ಇವತ್ತು ಹೊರಗೆ ತೆಗೆಯಬೇಕಾಗಿಲ್ಲ ಎಂದು. ಭಾನುವಾರ ಬೆಳಗ್ಗೆ ಹೆಲ್ಮೆಟ್ ಕೈಗೆ ತೆಗೆದುಕೊಂಡರೆ ಎರಡೆರಡು ಸಲ ಕಕ್ಕಸಿಗೆ ಹೋಗಿಬರುತ್ತಿದ್ದೆ. ನಗಬೇಡಿ. ಇಲ್ಲ, ನಗಿ.

ನೀವು ಬಂದು ಕೇಳಿದ ವರ್ಷದ ಆಗಸ್ಟಿನಲ್ಲಿ, ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಬೆಳಗ್ಗೆ, ನಾನು ಬಿದ್ದೆ. ಎಲ್ಲಿ ಗೊತ್ತೇ? ನಮ್ಮ ಕಾಫಿ ತೋಟದ ಗೇಟಿನ ಮುಂದೆ. ಟಾರು ರಸ್ತೆಯಿಂದ ಎಡಕ್ಕೆ ತಿರುಗಿದ ಕೂಡಲೇ ಏರು, ಏರಿನ ತುದಿಗೆ ಗೇಟು. ದನ ನುಗ್ಗುತ್ತವೆ ಎಂದು ಯಾವಾಗಲೂ ಹಾಕಿಯೇ ಇರುತ್ತೇವೆ. ಸಿಲ್ವರ್ ಓಕಿನ ನೆರಳಿಗೆ ಅಲ್ಲಿನ ಕಾಂಕ್ರೀಟಿನ ಪಾಚಿ ಜನವರಿಯಾದರೂ ಒಣಗುವುದಿಲ್ಲ. ನಿಲ್ಲಿಸಿದೆ, ಎಡಗಾಲು ಇಟ್ಟೆ, ಕಾಲು ಜಾರಿತು. ಅಷ್ಟೇ. ನನ್ನ ಮೀನಖಂಡ ಸೈಲೆನ್ಸರಿನ ಕೆಳಗೆ ಸಿಕ್ಕಿಕೊಂಡಿತು. ಚರ್ಮ ಬೇಯುವ ವಾಸನೆ ಬರುತ್ತಿತ್ತು. ಕೂಗಲು ನಾಚಿಕೆ, ಕೂಗದಿದ್ದರೆ ಪ್ರಾಣ ಹೋಗುತ್ತದೆ. ಕೊನೆಗೆ ಕೂಗಿದೆ.

ಬಂದದ್ದು ಸೆಲ್ವಿ, ಕೂಲಿಯವರ ಲೈನ್ ಮನೆಯಲ್ಲಿರುವ ನಮ್ಮ ತೋಟದ ಹಳೇ ಕೆಲಸದವಳು. ಇನ್ನೂ ಮೂವರು ಹೆಂಗಸರನ್ನು ಕರೆದು ಹಲಗೆ ಕೊಟ್ಟು ಎತ್ತಿಸಿದಳು. ಎತ್ತಿ ಸುಸ್ತಾಗಿ ಸೊಂಟಕ್ಕೆ ಕೈ ಕೊಟ್ಟು, "ಆನೆ ಬಿದ್ರೂ ತಾನೇ ಎದ್ದು ಹೋಗ್ತದೆ ಸಾರ್. ಇದು ಏಳಲ್ಲ. ಇದ್ಯಾಕೆ ನಿಮಗೆ?" ಅಂದಳು. ಯಾರಿಗೂ ಹೇಳಬೇಡ ಅಂದೆ. ಅವಳು ಹೇಳಲಿಲ್ಲ. ಅಂದಿನಿಂದ ನಾನು ಹೊರಗಿನಿಂದ ವಾಪಸು ಬರುವಾಗ ಕೆಳಗಿನ ಅಂಗಡಿಯಿಂದಲೇ ಅವಳಿಗೆ ಫೋನ್ ಮಾಡಿ ಗೇಟು ತೆಗೆಸಿಕೊಳ್ಳುತ್ತಿದ್ದೆ. ಗೇಟು ತೆರೆದಿದ್ದರೆ ಅಲ್ಲಿ ನಿಲ್ಲಿಸಬೇಕಾಗಿಯೇ ಇಲ್ಲ, ಒಂದೇ ಓಟಕ್ಕೆ ಮೇಲೆ ಬರಬಹುದು. ಇಷ್ಟು ಸಣ್ಣ ವಿಷಯ ಭಾವ. ಇಷ್ಟೇ.

ಮನೆಯವರಿಗೆಲ್ಲ ಬಚ್ಚಲಿನಲ್ಲಿ ಬಿಸಿನೀರು ಚೆಲ್ಲಿತು ಅಂದೆ. ಅಕ್ಕ ಲೋಳೆಸರ ಹಿಡಿದುಕೊಂಡು ಬಸ್ಸಿನಲ್ಲಿ ಬಂದಳು. ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಚ್ಚಿದಳು. "ಬಚ್ಚಲಲ್ಲೂ ಬೀಳ್ತೀಯಲ್ಲೋ ಕೋತಿ, ಬೈಕ್ ಮೇಲೆ ಹೆಂಗೆ ಕೂರ್ತೀಯಾ?" ಅಂತ ನಕ್ಕಳು. ಆಗ ಒಂದು ಮಾತು ಹೇಳಿದ್ದರೆ — ಅಕ್ಕನಿಗಾದರೂ ಹೇಳಿದ್ದರೆ. ಹೇಳಲಿಲ್ಲ. ಬದಲಿಗೆ ಮರುವಾರ ಬೈಕಿನವರ ಆನ್‌ಲೈನ್ ಗುಂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದೆ. "ನನ್ನ ಗಾಡಿಯ ಬಗ್ಗೆ ನನ್ನ ಅಭಿಪ್ರಾಯ" ಅಂತ. ಸೀಟು ಹೀಗಿದೆ, ಎಂಜಿನ್ ಬೆಣ್ಣೆ, ತೂಕವಂತೂ ಗೊತ್ತೇ ಆಗುವುದಿಲ್ಲ, ನಮ್ಮ ಘಟ್ಟದ ರಸ್ತೆಗೆ ಹೇಳಿ ಮಾಡಿಸಿದ್ದು. ಸುಟ್ಟ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಬರೆದೆ.

ನವರಾತ್ರಿಯಲ್ಲಿ ನೀವು ಅಕ್ಕನ ಜೊತೆ ಬಂದಿರಿ. ಲಾರಿಗಳನ್ನೆಲ್ಲ ಬಿಟ್ಟುಕೊಟ್ಟು ಆರಾಮಾಗಿದ್ದಿರಿ. ನಾನು ಬರೆದದ್ದನ್ನು ಓದಿದ್ದಿರಿ. ಜೀವನವಿಡೀ ಲಾರಿಯ ಹಿಂದೆ ಓಡಾಡಿ ಹೆಂಡತಿಯನ್ನು ಎಲ್ಲೂ ಕರೆದುಕೊಂಡು ಹೋಗಲಿಲ್ಲ, ಇನ್ನಾದರೂ ಅವಳನ್ನು ಕೂರಿಸಿಕೊಂಡು ಊರೂರು ತಿರುಗಬೇಕು ಅಂದಿರಿ. ಲೋಟ ಕೆಳಗಿಟ್ಟು ಕೇಳಿದಿರಿ.

"ಬರೆದಿದ್ದೆಲ್ಲ ಓದ್ದೆ. ಅದು ಬಿಡು. ನಿಂಗೆ ಎಲ್ಲಿ ಭಯ ಆಯ್ತು, ಅದನ್ನ ಹೇಳು. ಹಿಂದೆ ನಿನ್ನ ಅಕ್ಕ ಕೂರ್ತಾಳೆ."

ನನ್ನ ಮೀನಖಂಡ ಇನ್ನೂ ಉರಿಯುತ್ತಿತ್ತು. ಪ್ಯಾಂಟಿನೊಳಗೆ ಬ್ಯಾಂಡೇಜಿತ್ತು. ಒಳಗಿನಿಂದ ಅಕ್ಕ ದೋಸೆ ಹುಯ್ಯುವ ಸದ್ದು ಬರುತ್ತಿತ್ತು. ಭಯ ಆಯ್ತು ಅಂದರೆ ಬಿದ್ದದ್ದನ್ನು ಹೇಳಬೇಕು. ನಾಲ್ಕು ಹೆಂಗಸರು ಎತ್ತಿದ್ದನ್ನು ಹೇಳಬೇಕು. ಬರೆದದ್ದೆಲ್ಲ ಬೊಗಳೆ ಅನ್ನಬೇಕು. ಅದಕ್ಕಿಂತ ಸುಳ್ಳು ಹೇಳುವುದು ಸುಲಭವಾಗಿತ್ತು. "ಎಲ್ಲೂ ಇಲ್ಲ ಭಾವ. ಮಗು ಬೇಕಾದ್ರೂ ಓಡಿಸ್ತದೆ" ಅಂದೆ.

ನೀವು ಲೋಟ ಮತ್ತೆ ಕೈಗೆತ್ತಿಕೊಂಡಿರಿ. ಆಮೇಲೆ ತಲೆಯಾಡಿಸಿದಿರಿ. ನಂಬಿದಿರಿ.

ದೀಪಾವಳಿಗೆ ನಿಮ್ಮ ಗಾಡಿ ಬಂತು. ನವೆಂಬರ್ ಕೊನೆಗೆ, ತೋಟದಲ್ಲಿ ಕಾಫಿ ಪಿಕಿಂಗ್ ಶುರುವಾಗಿದ್ದಾಗ, ಇಬ್ಬರೂ ಮೊದಲ ಸಲ ನಮ್ಮ ಮನೆಗೆ ಅದರಲ್ಲಿ ಹೊರಟಿರಿ. ಹನ್ನೊಂದು ಗಂಟೆಗೆ ಅಕ್ಕನ ಫೋನು. "ಮಾದಾಪುರ ದಾಟಿದ್ವಿ, ಕಡುಬು ಇಳಿಸೋಕೆ ಹೇಳು. ಸೋಫಾ ಮೇಲೆ ಕೂತು ಬಂದಂಗಾಯ್ತು ಕಣೋ!" ಅವಳ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಮೇಲೆಯೂ ಕೇಳಿಲ್ಲ.

ಫೋನಿಟ್ಟ ಕೂಡಲೇ ನನಗೆ ಗೇಟು ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಕೆಳಗೆ ರಸ್ತೆಯಲ್ಲಿ ಎಂಜಿನ್ನಿನ ಸದ್ದು ಬರುತ್ತಿತ್ತು. ಓಡಿದ್ದರೆ ಗೇಟು ತೆಗೆಯಲು ಹೊತ್ತು ಸಿಗುತ್ತಿತ್ತು ಭಾವ. ನಾನು ಅಂಗಳದ ಮೆಟ್ಟಿಲ ಮೇಲೆ ನಿಂತುಬಿಟ್ಟೆ.

ಇನ್ನು ಬರೆಯುವುದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ಯಾಕೆ ನಿಂತೆ? ನೋಡೋಣ ಅನ್ನಿಸಿತು. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈ ಅಲ್ಲಿ ಏನು ಮಾಡುತ್ತದೆ ಅಂತ. ನಿಮಗೂ ಒಂದು ಸಲ ಕಾಲು ನಡುಗಿದರೆ, ನೀವೂ ಸ್ವಲ್ಪ ಹೆದರಿದರೆ, ನಾನೊಬ್ಬನೇ ಅಲ್ಲ ಅಂತ — ಬೀಳಲಿ ಅಂತ ಅಂದುಕೊಳ್ಳಲಿಲ್ಲ. ಆಣೆಗೂ ಅಂದುಕೊಳ್ಳಲಿಲ್ಲ. ಆದರೆ ಗೇಟು ತೆಗೆಯಲಿಲ್ಲ. ಹಿಂದೆ ಅಕ್ಕ ಕೂತಿದ್ದಾಳೆ ಅನ್ನುವುದು ಆ ಕ್ಷಣ ನನ್ನ ತಲೆಗೆ ಹೊಳೆಯಲೇ ಇಲ್ಲ. ಈಗ ಅದೇ ಹೊಳೆಯುತ್ತದೆ, ದಿನವೂ.

ಗಾಡಿ ಎಡಕ್ಕೆ ತಿರುಗಿ ಏರು ಹತ್ತಿದ್ದು ಕೇಳಿಸಿತು. ನಿಂತದ್ದು ಕೇಳಿಸಿತು. ಗೇಟು ತೆಗೆಯಲೆಂದು ಒಂದು ಸಲ ಮೆಲ್ಲಗೆ ಹಾರ್ನ್ ಮಾಡಿದಿರಿ. ಆಮೇಲೆ ಧೊಪ್ಪೆಂದಿತು. ಮದುವೆಯಾಗಿ ಮೂವತ್ತೈದು ವರ್ಷ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳದಿದ್ದ ಅಕ್ಕ, ಅವತ್ತು "ರಾಜಶೇಖರಾ" ಅಂತ ಹೆಸರು ಹಿಡಿದು ಕೂಗಿದಳು.

ಬೈಕಿನ ಪಕ್ಕದ ಪೆಟ್ಟಿಗೆಯ ಕೆಳಗೆ ಅವಳ ಪಾದ ಹೊರಳಿಕೊಂಡಿತ್ತು. ನೀವು ಬರಿಗೈಯಲ್ಲಿ ಗಾಡಿಯನ್ನು ಎತ್ತಲು ಒದ್ದಾಡುತ್ತಿದ್ದಿರಿ. ಕಾಫಿ ಕುಯ್ಯುತ್ತಿದ್ದ ಹೆಂಗಸರೆಲ್ಲ ಓಡಿಬಂದರು. ಈ ಸಲ ಸೆಲ್ವಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಹಲಗೆ ಹಿಡಿದುಕೊಂಡೇ ಬಂದಿದ್ದಳು. ಎತ್ತಿದ ಮೇಲೆ ನನ್ನ ಪಕ್ಕಕ್ಕೆ ಬಂದು, ಮೆಲ್ಲಗೆ, "ಅದೇ ಜಾಗ ಅಲ್ವಾ ಸಾರ್?" ಅಂದಳು. "ಸುಮ್ನಿರು" ಅಂದೆ. ನೀವು ಅಕ್ಕನ ತಲೆ ಹಿಡಿದುಕೊಂಡಿದ್ದಿರಿ, ನಿಮಗೆ ಕೇಳಿಸಲಿಲ್ಲ. ಸೆಲ್ವಿ ಅಂದಿನಿಂದ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಎದುರು ಬಂದರೆ ನಾನೇ ದಾರಿ ಬದಲಿಸುತ್ತೇನೆ. ಯಾವತ್ತಾದರೂ ಅವಳು ಬಾಯಿಬಿಟ್ಟರೆ ಎಂಬ ಹೆದರಿಕೆ ಬೇರೆ.

ಎರಡು ಆಪರೇಶನ್ ಆಯಿತು. ಅಕ್ಕ ಈಗ ನೆಲದ ಮೇಲೆ ಕೂರಲಾರಳು, ಮೆಟ್ಟಿಲು ಹತ್ತಬೇಕಾದರೆ ಗೋಡೆ ಹಿಡಿಯುತ್ತಾಳೆ. ಆಸ್ಪತ್ರೆಯಲ್ಲಿ ನೀವು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ ಮಾತು ಕಿವಿಯಿಂದ ಹೋಗಿಲ್ಲ. "ಗಾಡಿದು ತಪ್ಪಲ್ಲ ಕಣೋ. ನೀನು ಓಡಿಸ್ತಿಲ್ವಾ, ದಿನಾ ಅದೇ ಗೇಟಲ್ಲಿ? ನನ್ನ ಕೈಯಲ್ಲೇ ಆಗ್ಲಿಲ್ಲ. ವಯಸ್ಸಾಯ್ತು." ಆಗಲೂ ಹೇಳಬಹುದಿತ್ತು. ನಾನು ನಿಮಗೆ ಸಮಾಧಾನ ಹೇಳಿದೆ! ಆಗ್ತದೆ ಭಾವ, ಯಾರಿಗಾದ್ರೂ ಆಗ್ತದೆ ಅಂತ. ನನಗೆ ಆಗಿತ್ತು ಅಂತ ಮಾತ್ರ ಹೇಳಲಿಲ್ಲ.

ಎರಡು ವರ್ಷದಿಂದ ನೀವು ಗಾಡಿ ಮುಟ್ಟಿಲ್ಲ. ಬೈಕು ಟಾರ್ಪಾಲಿನ ಕೆಳಗಿದೆ. ಸ್ಕೂಟರೂ ಬೇಡ, ಕಾರೂ ಬೇಡ. ಸಂಪಾಜೆ ಘಾಟಿಯಲ್ಲಿ ಮಳೆಯಲ್ಲಿ ಮರ ತುಂಬಿದ ಲಾರಿ ಇಳಿಸಿದವರು, ಈಗ ಪೇಟೆಗೆ ಹೋಗಲು ಆಟೋ ಕರೆಸುತ್ತೀರಿ. ಮೊನ್ನೆ ಅಕ್ಕ ಫೋನಿನಲ್ಲಿ ಅತ್ತಳು. ನಿಮ್ಮ ಲೈಸೆನ್ಸಿನ ಅವಧಿ ಈ ತಿಂಗಳಿಗೆ ಮುಗಿಯುತ್ತದಂತೆ. ಮತ್ತೆ ಮಾಡಿಸುವುದಿಲ್ಲ ಅಂದಿರಂತೆ. "ಈ ಕೈಯನ್ನ ನಾನು ನಂಬಲ್ಲ" ಅಂದಿರಂತೆ. "ನಂಗೆ ಕಾಲು ಹೋಗಿದ್ದಕ್ಕಿಂತ ಅವರು ಹೀಗಾಗಿದ್ದೇ ಸಂಕಟ ಕಣೋ. ನೀನಾದ್ರೂ ಒಂದು ಮಾತು ಹೇಳು, ನಿನ್ನ ಮಾತು ಕೇಳ್ತಾರೆ" ಅಂದಳು.

ನನ್ನ ಮಾತು ಕೇಳುತ್ತೀರಿ. ಅದೇ ನನ್ನನ್ನು ಕೊಲ್ಲುತ್ತಿರುವುದು.

ಹೇಳಿದರೆ ಅಕ್ಕ ನನ್ನ ಮುಖ ನೋಡದೆ ಹೋಗಬಹುದು. ತವರು ಅಂತ ಅವಳಿಗೆ ಇರುವುದು ನಾನೊಬ್ಬ, ಅದೂ ಹೋಗಬಹುದು. ನೀವು ಏನು ಮಾಡುತ್ತೀರಿ ಎಂದು ಊಹಿಸಲೂ ನನಗೆ ಧೈರ್ಯವಿಲ್ಲ. ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಬಾಕಿಯಿದೆ. ನನಗೆ ಭಯ ಆದದ್ದು ನಮ್ಮ ಗೇಟಿನ ಮುಂದೆ, ಭಾವ. ಏರಿನಲ್ಲಿ, ಎಡಕ್ಕೆ ತಿರುಗಿ ನಿಲ್ಲಿಸುವಾಗ, ಎಡಗಾಲು ಇಡುವ ಜಾಗದಲ್ಲಿ. ನಾನು ಅಲ್ಲೇ ಬಿದ್ದಿದ್ದೆ, ನಿಮಗಿಂತ ಮೂರು ತಿಂಗಳು ಮೊದಲು. ಅಲ್ಲಿ ಯಾರು ನಿಲ್ಲಿಸಿದ್ದರೂ ಬೀಳುತ್ತಿದ್ದರು. ನಿಮ್ಮ ಕೈಗೆ ಏನೂ ಆಗಿಲ್ಲ. ಲೈಸೆನ್ಸ್ ಮಾಡಿಸಿಕೊಳ್ಳಿ. ನನ್ನನ್ನು ಮನೆಗೆ ಸೇರಿಸದಿದ್ದರೂ ಸರಿ, ಅದೊಂದು ಮಾಡಿಸಿಕೊಳ್ಳಿ.

ಗುಂಪಿನಲ್ಲಿ ಬರೆದದ್ದನ್ನು ಇವತ್ತು ಅಳಿಸಿ, ಬಿದ್ದದ್ದನ್ನೂ ಬಿದ್ದ ಜಾಗವನ್ನೂ ಬರೆದು ಹಾಕಿದ್ದೇನೆ. ಈ ಕಾಗದ ನಿಮಗೆ ಶನಿವಾರದ ಹೊತ್ತಿಗೆ ಸಿಗುತ್ತದೆ. ಸೋಮವಾರ ಬೆಳಗಿನ ಬಸ್ಸಿಗೆ ಕುಶಾಲನಗರಕ್ಕೆ ಬರುತ್ತೇನೆ. ಅಕ್ಕನ ಮುಂದೆ ಪ್ಯಾಂಟು ಮೇಲಕ್ಕೆ ಮಡಚಿ ಆ ಸುಟ್ಟ ಕಲೆ ತೋರಿಸಿ, ಅವಳು ಲೋಳೆಸರ ಹಚ್ಚಿದ್ದು ಯಾವ ಗಾಯಕ್ಕೆ ಎಂದು ನನ್ನ ಬಾಯಿಂದಲೇ ಹೇಳಬೇಕು. ನಿಮ್ಮ ಗೇಟಿನ ಹೊರಗೆ ನಿಂತಿರುತ್ತೇನೆ, ಬೆಲ್ ಮಾಡುವುದಿಲ್ಲ. ತೆಗೆಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು.