ಮೊಣಕೈವರೆಗೆ ತೊಳೆದ ಕೈ

ಹನ್ನೊಂದನೆಯ ದಿನ ಮಗಳಿಗೆ ಹಾಲು ಅರಗಲಿಲ್ಲ. ನಳಿಕೆಯಲ್ಲಿ ಕೊಟ್ಟದ್ದು ಹಾಗೇ ವಾಪಸು ಬಂತು. ಮೈ ತಣ್ಣಗಿತ್ತು. ನಡುನಡುವೆ ಉಸಿರು ನಿಲ್ಲುತ್ತಿತ್ತು. ಸಿಸ್ಟರ್ ಅಂಗಾಲು ತಟ್ಟಿದರೆ ಮತ್ತೆ ಶುರುವಾಗುತ್ತಿತ್ತು.

ಏಳು ತಿಂಗಳಿಗೇ ಹುಟ್ಟಿದ ಕೂಸು. ತೂಕ ಒಂದು ಕಿಲೋ ನೂರು ಗ್ರಾಂ. ಕಲ್ಯಾಣದ ಆಸ್ಪತ್ರೆಯ ಎಳೆಗೂಸುಗಳ ಎನ್‌ಐಸಿಯುನಲ್ಲಿ ಎಲ್ಲರಿಗಿಂತ ಚಿಕ್ಕವಳು.

ಡಾಕ್ಟರ್ ನನ್ನನ್ನೂ ಗಂಡನನ್ನೂ ಕರೆದು ಕೂರಿಸಿದರು.

ಸೆಪ್ಸಿಸ್, ರಕ್ತಕ್ಕೆ ಸೋಂಕು ಎಂದರು. ಆಸ್ಪತ್ರೆಯಲ್ಲೇ ತಗುಲಿದ್ದು.

ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ನನ್ನ ಗಂಡ ತಮ್ಮ ಅಂಗೈಗಳನ್ನೇ ನೋಡುತ್ತ ಕುಳಿತರು. ನಾನು ಗೌನಿನ ತೋಳನ್ನು ಕೆಳಗೆಳೆದುಕೊಂಡೆ. ಒಳಗೆ ಹಸಿರು ಬಳೆಗಳಿದ್ದವು.

ಬಳೆ ಸಂದಿಯಲ್ಲಿ ಸೋಂಕು ಉಳಿಯುತ್ತದೆ, ತೆಗೆಯಿರಿ ಎಂದು ಮೊದಲ ದಿನವೇ ಸಿಸ್ಟರ್ ಹೇಳಿದ್ದರು. ವಿಜಯಪುರದಿಂದ ಬಂದಿದ್ದ ಅತ್ತೆ ಒಪ್ಪಲಿಲ್ಲ. "ಬಾಣಂತಿ ಕೈ ಬರಿದು ಇರಬಾರದವ್ವ. ಮ್ಯಾಲ ಸರಿಸ್ಕೊ, ಯಾರ್ ನೋಡ್ತಾರ?" ನಾನು ಸರಿಸಿಕೊಂಡೆ. ಹಾಗೇ ಕೂಸನ್ನು ಮುಟ್ಟಿದೆ.

ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ತಿಂಗಳು ತುಂಬದ ಮಕ್ಕಳ ಚರ್ಮ ತೆಳು, ರಕ್ತನಾಳಕ್ಕೆ ಲೈನ್ ಎಂಬ ಸಣ್ಣ ನಳಿಕೆ ಹಾಕಿರುತ್ತಾರೆ, ಎಷ್ಟೋ ಕೈ ಮುಟ್ಟುತ್ತವೆ, ಇಂಥದ್ದರಿಂದಲೇ ಬಂತೆಂದು ಹೇಳಲಾಗದು ಎಂದರು. ನಿಮ್ಮಿಂದ ಅಲ್ಲ ಎಂದು ಮಾತ್ರ ಹೇಳಲಿಲ್ಲ. ಆ ಒಂದು ಮಾತಿಗಾಗಿ ನಾನು ಎಷ್ಟು ಹೊತ್ತು ಅವರ ಮುಖ ನೋಡಿದೆನೋ.

ಬಳೆ ಒಡೆದು ತೆಗೆದೆ. ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದೆ. ಕೈಯ ಚರ್ಮ ಬಿರಿಯಿತು. ಪ್ರತಿ ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತಿದ್ದೆ. ಈಗ ಅವಳಿಗೆ ಇದೇ ಔಷಧಿ ಎಂದಿದ್ದರು ಸಿಸ್ಟರ್.

ಅದಾದ ಮೂರನೆಯ ದಿನ ಎಕ್ಸ್‌ರೇ ಮಷಿನ್ ತಳ್ಳಿಕೊಂಡು ಒಬ್ಬರು ಬಂದರು. ಪಕ್ಕದ ಮಗುವನ್ನು ಮುಗಿಸಿ ನೇರ ನನ್ನ ಮಗಳ ಇನ್‌ಕ್ಯುಬೇಟರಿಗೆ ಕೈ ಹಾಕಲು ಹೋದರು. ಕೈ ತೊಳೆದಿರಾ ಎಂದು ನಾನು ಮರಾಠಿಯಲ್ಲಿ ಕೇಳಿಯೇಬಿಟ್ಟೆ.

"ದಾದಾ, ಹಾತ್ ಧುತ್ಲೇ ಕಾ?"

ಅವರು ನನ್ನನ್ನೊಮ್ಮೆ ನೋಡಿ, ಸಿಂಕಿನ ಕಡೆ ನಡೆದರು.

ಆರನೆಯ ದಿನ ಹಾಲು ಹೊಟ್ಟೆಯಲ್ಲಿ ನಿಂತಿತು, ವಾಪಸು ಬರಲಿಲ್ಲ. ಆಮೇಲೆ ಲೈನ್ ತೆಗೆದರು. ಎದೆಗೊತ್ತಿ ಮಲಗಿಸಿಕೊಳ್ಳಲು ಕೊಟ್ಟಾಗ ಅವಳ ಉಸಿರನ್ನು ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿದೆ.

ಕೂಸಿನ ತೂಕ ಏರಿದ ಮೇಲೆ ಬಿಟ್ಟರು; ಟಿಟ್ವಾಳಾದ ನಮ್ಮ ಮನೆಗೆ ಬಂದು ಎಂಟು ದಿನ. ಅತ್ತೆ ನಿನ್ನೆ ಕೇಳಿದರು: "ನನ್ನ ಮಾತಿನಿಂದ ಕೂಸಿಗಿ ಹಿಂಗಾತೇನವ್ವ?" ಗೊತ್ತಿಲ್ಲ ಅತ್ತಿ ಎಂದೆ. ಅದು ನಿಜವೇ.

ಸೋಂಕಿಗೆ ಕೊಟ್ಟ ಆಂಟಿಬಯಾಟಿಕ್ಕಿನಿಂದ ಮಗಳ ಕಿವಿಗೆ ತೊಂದರೆ ಆಗಿರಬಹುದಂತೆ. ಮುಂದಿನ ವಾರ ಟೆಸ್ಟ್ ಇದೆ. ಇವತ್ತು ಸಂಜೆ ಕಸಾರಾ ಲೋಕಲ್ ರೈಲು ಹಾರ್ನ್ ಹೊಡೆದಾಗ ಅವಳ ರೆಪ್ಪೆ ಅದುರಿತು. ನಾನು ಕಂಡೆ. ಯಾರಿಗೂ ಇನ್ನೂ ಹೇಳಿಲ್ಲ.